ಹೊಸ್ತಿಲು ದಾಟುವ ಕಪಾಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಓಡಾಟಕ್ಕೆ ತೊಂದರೆ ಇರುವವರಿಗೆ ಮನೆಯೊಳಗೆ ನೆರವಾಗುವ ರೋಬೋಟ್ ಕಟ್ಟುವ ಬಗ್ಗೆ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಚಿಕ್ಕದು ಮಾಡಿದ್ದೇವೆ. ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನಮ್ಮತ್ತೆಗೆ 72 ವರ್ಷ. ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದೆ. ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಾರೆ. ನಾವಿಬ್ಬರೂ ತೋಟಕ್ಕೆ ಹೋದಾಗ ಅಡುಗೆಮನೆಯಿಂದ ನೀರು, ಕಾಫಿ, ಮಾತ್ರೆ ತಂದುಕೊಡುವಂಥದ್ದು ಏನಾದರೂ ಮಾಡಬಹುದೇ? ಹಳೇ ಹೆಂಚಿನ ಮನೆ. ಅಡುಗೆಮನೆ, ನಡುಮನೆ, ಆಮೇಲೆ ಅವರ ಕೋಣೆ. ನಡುವೆ ಎರಡು ಹೊಸ್ತಿಲು, ಒಂದೊಂದೂ ನಾಲ್ಕಿಂಚು ಎತ್ತರ. ಮಗ ಡಿಪ್ಲೊಮಾ ಓದಿದ್ದಾನೆ, ಕಟ್ಟಬಲ್ಲೆ ಅನ್ನುತ್ತಾನೆ. ಎಲ್ಲಿಂದ ಶುರು ಮಾಡಬೇಕು?
— ಓದುಗಿ, ಮೂಡಿಗೆರೆ ತಾಲ್ಲೂಕು

ಉತ್ತರ: ಮೊದಲು ನಿಮಗೇ ಒಂದು ಪ್ರಶ್ನೆ. ನೀವಿಬ್ಬರೂ ತೋಟದಲ್ಲಿದ್ದರೆ ಅಡುಗೆಮನೆಯಲ್ಲಿ ಕಾಫಿ ಬಗ್ಗಿಸಿ ಯಂತ್ರದ ಮೇಲಿಡುವವರು ಯಾರು? ಒಲೆ ಹಚ್ಚಿ ಕಾಫಿ ಮಾಡುವ ರೋಬೋಟ್ ಮನೆಯಲ್ಲಿ ಕಟ್ಟುವವರ ಕೈಗೆ ಎಟುಕುವ ಕೆಲಸವಲ್ಲ. ಎಟುಕುವ ಕೆಲಸ ಬೇರೆ ಇದೆ: ನೀವು ಹೊರಡುವ ಮುಂಚೆ ಫ್ಲಾಸ್ಕು, ನೀರು, ಹೊತ್ತುಹೊತ್ತಿನ ಮಾತ್ರೆ ಡಬ್ಬಿ, ಫೋನು, ಕನ್ನಡಕ ಎಲ್ಲವನ್ನೂ ಗಾಲಿಯ ಕಪಾಟೊಂದರ ಮೇಲೆ ಜೋಡಿಸಿಡುವುದು. ಅತ್ತೆ ಮಂಚದ ಮೇಲಿರಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿರಲಿ, ನಡುಮನೆಯ ಟಿ.ವಿ. ಮುಂದಿರಲಿ, ಕರೆದರೆ ಆ ಕಪಾಟೇ ಹತ್ತಿರ ಬರಬೇಕು. ಹೀಗೆ ನೋಡಿದರೆ ಅಡುಗೆಮನೆಯ ಹೊಸ್ತಿಲು ಲೆಕ್ಕದಿಂದಲೇ ಬಿಟ್ಟುಹೋಯಿತು. ಫ್ಲಾಸ್ಕು ಮೇಲಿಂದ ಒತ್ತಿದರೆ ಸುರಿಯುವಂಥದ್ದಿರಲಿ, ತಿರುಗಿಸಿ ತೆಗೆಯುವ ಮುಚ್ಚಳಕ್ಕೆ ಎರಡು ಕೈ ಬೇಕು. ಯಂತ್ರ ಯಾವಾಗಲೂ ಅವರ ಎಡಗಡೆಯಿಂದಲೇ ಬಂದು ನಿಲ್ಲಬೇಕು.

ಒಂದು ಪೈಸೆ ಖರ್ಚು ಮಾಡುವ ಮುಂಚೆ ಏಳು ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಏನು ಕೇಳಿದರು, ಅದು ಎಲ್ಲಿತ್ತು, ಅವರು ಎಲ್ಲಿದ್ದರು. ಬಿದ್ದ ಕೋಲು, ಜಾರಿದ ಟವೆಲ್ಲು, ದೂರ ಉಳಿದ ಫೋನು, ಇಂಥವೇ ಹೆಚ್ಚು ಬಂದರೆ ಉದ್ದ ಹಿಡಿಕೆಯ ಇಕ್ಕಳವೊಂದೇ ಅರ್ಧ ಕೆಲಸ ಮುಗಿಸುತ್ತದೆ.

ಇನ್ನು ಉಳಿದ ಹೊಸ್ತಿಲು. ನಾಲ್ಕಿಂಚು ಅಂದರೆ 100 ಮಿ.ಮೀ. ನೀವು ಹಾಕಬಹುದಾದ 150 ಮಿ.ಮೀ. ವ್ಯಾಸದ ಗಾಲಿಯ ಅಚ್ಚು ಇರುವುದು 75 ಮಿ.ಮೀ. ಎತ್ತರದಲ್ಲಿ. ಅಚ್ಚಿಗಿಂತ ಎತ್ತರದ ಹೊಸ್ತಿಲನ್ನು ಗಾಲಿ ಎಷ್ಟು ತಳ್ಳಿದರೂ ಹತ್ತದು. ಬರೀ 20 ಮಿ.ಮೀ. ಏರನ್ನು ಹತ್ತಿಸಬೇಕಾದರೂ ಆ ಗಾಲಿಯ ಮೇಲಿರುವ ತೂಕದ ಹೆಚ್ಚುಕಡಿಮೆ ಅಷ್ಟೇ ಬಲದಿಂದ (93%) ತಳ್ಳಬೇಕಾಗುತ್ತದೆ. ಹಾಗಾಗಿ ಇಳಿಜಾರು ಹಲಗೆಯೇ ದಾರಿ. ಹೊಸ್ತಿಲು ಕೊಯ್ಯುವುದು ಬೇಡ, ಮನೆಯವರ ಮನಸ್ಸೂ ಒಪ್ಪುವುದಿಲ್ಲ. ಗಾಲಿಕುರ್ಚಿಯ ಅಳತೆ 1:12, ಅಂದರೆ ಒಂದಿಂಚು ಏರಿಗೆ 12 ಇಂಚು ಉದ್ದ. ಆ ಲೆಕ್ಕದಲ್ಲಿ ಒಂದೊಂದು ಕಡೆಗೂ 1,200 ಮಿ.ಮೀ. ಬೇಕು. ಬರೀ ಯಂತ್ರಕ್ಕಾದರೆ 1:8 ಸಾಕು, 800 ಮಿ.ಮೀ. ಸಾಲುತ್ತದೆ. 12 ಮಿ.ಮೀ. ಪ್ಲೈವುಡ್ಡು, ಕೆಳಗೆ ಅಡಿಗೊಂದು ರೀಪು, ಮೇಲೆ ಉರುಟು ಪಟ್ಟಿ ಅಂಟಿಸಿ. ಹಲಗೆ ಬಾಗಿಲಿನ ಪೂರ್ತಿ ಅಗಲಕ್ಕೆ ಇರಬೇಕು. ಯಂತ್ರದಗಲಕ್ಕೆ ಮಾತ್ರ ಹಾಕಿ ಪಕ್ಕದಲ್ಲಿ ಅಂಚು ಬಿಟ್ಟರೆ, ಎಳೆದುಕೊಂಡು ಬರುವ ಬಲಗಾಲಿನ ಬೆರಳು ಆ ಅಂಚಿಗೇ ತಗಲುತ್ತದೆ. ಯಂತ್ರಕ್ಕೆಂದು ಮಾಡಿದ್ದು ಅತ್ತೆಯನ್ನು ಬೀಳಿಸಬಾರದು. ಎರಡು ಗೂಟದ ಮೇಲೆ ಕೂರುವಂತೆ ಮಾಡಿದರೆ ಹೊಸ್ತಿಲು ಸಾರಿಸಿ ರಂಗೋಲಿ ಇಡುವಾಗ ಎತ್ತಿಡಬಹುದು. 800 ಮಿ.ಮೀ.ಗೆ ಜಾಗವೇ ಇಲ್ಲದಿದ್ದರೆ ಮಂಚವನ್ನು ನಡುಮನೆಗೆ ತನ್ನಿ. ಎಂಜಿನಿಯರಿಂಗ್‌ನಲ್ಲಿ ಇದಕ್ಕಿಂತ ಅಗ್ಗದ ಪರಿಹಾರ ಇಲ್ಲ.

ಮೋಟಾರಿನ ಲೆಕ್ಕ. ಯಂತ್ರ 22 ಕೆ.ಜಿ., ಸಾಮಾನು 3, ಒಟ್ಟು 25 ಕೆ.ಜಿ. 1:8 ಏರಿಗೆ ಸುಮಾರು 30 ನ್ಯೂಟನ್, ಗಾಲಿ ಉರುಳುವ ತಡೆಗೆ 7, ನಿಂತಲ್ಲಿಂದ ಹೊರಡುವುದಕ್ಕೆ 8, ಒಟ್ಟು 45 ನ್ಯೂಟನ್. ಗಾಲಿಯ ತ್ರಿಜ್ಯ 0.075 ಮೀಟರಿನಿಂದ ಗುಣಿಸಿದರೆ 3.4 ನ್ಯೂಟನ್-ಮೀಟರ್. ಎರಡು ಗಾಲಿಗೆ ಹಂಚಿದರೆ 1.7. ಕಾಲೊರೆಸು, ಧೂಳು, ಹಳೆಯದಾದ ಬ್ಯಾಟರಿಗೆಂದು ಇಮ್ಮಡಿ ಮಾಡಿ: ಒಂದೊಂದು ಮೋಟಾರಿಗೆ 3.4 ನ್ಯೂಟನ್-ಮೀಟರ್, ಅಂಗಡಿಯವರ ಭಾಷೆಯಲ್ಲಿ 35 ಕೆ.ಜಿ.-ಸೆಂ.ಮೀ. ಇದು ಬಿಡದೆ ಓಡುವಾಗಿನ ಟಾರ್ಕು (ತಿರುಗಿಸುವ ಬಲ). ಅಂಗಡಿಯವರು ದೊಡ್ಡದಾಗಿ ಹೇಳುವುದು ಮೋಟಾರು ಸಿಕ್ಕಿಹಾಕಿಕೊಂಡು ನಿಂತಾಗಿನ ಟಾರ್ಕು. ಅದರ ಮೂರನೇ ಒಂದು ಭಾಗ ನಿಜವಾಗಿ ಸಿಕ್ಕರೆ ಪುಣ್ಯ. ವೇಗ ಸೆಕೆಂಡಿಗೆ 0.35 ಮೀಟರ್ ಸಾಕು, ಅಂದರೆ ಗಾಲಿ ನಿಮಿಷಕ್ಕೆ 45 ಸುತ್ತು. ಖಾಲಿ ಓಡುವಾಗ 60 ಸುತ್ತು ಬರುವ ಗೇರ್ ಮೋಟಾರು ತನ್ನಿ.

ಹಾಸನದ ಆಟೋ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಕಾರಿನ ವೈಪರ್ ಮೋಟಾರಿಗೂ ಈ ಬಲ, ಈ ವೇಗ ಹತ್ತಿರ ಬರುತ್ತವೆ. ಒಳಗೆ ವರ್ಮ್ ಗೇರ್ ಇರುವುದರಿಂದ ಕರೆಂಟು ಹೋದರೂ ಇಳಿಜಾರಿನಲ್ಲಿ ಹಿಂದಕ್ಕೆ ಜಾರುವುದಿಲ್ಲ. ಆದರೆ ಆ ಗುಣವೇ ದೋಷವೂ ಹೌದು: ಅತ್ತೆಯ ಕಾಲಿಗೆ ಅಡ್ಡ ನಿಂತುಬಿಟ್ಟರೆ ಕೈಯಿಂದ ಪಕ್ಕಕ್ಕೆ ತಳ್ಳಲಾಗುವುದಿಲ್ಲ. ಗಾಲಿಗೂ ಅಚ್ಚಿಗೂ ನಡುವೆ ಎಳೆದು ಬಿಡಿಸುವ ಪಿನ್ನು ಹಾಕಲೇಬೇಕು. ಇನ್ನೊಂದು ವಿಷಯ: ಕೆಲವು ವೈಪರ್ ಮೋಟಾರಿನ ಮೈಯೇ ಮೈನಸ್ ತಂತಿ. ಹಿಂದೆ-ಮುಂದೆ ಎರಡೂ ಕಡೆ ಓಡಿಸುವ ಡ್ರೈವರ್ ಸರ್ಕ್ಯೂಟಿಗೆ ಹಾಕುವಾಗ ಎರಡು ಮೋಟಾರಿನ ಮೈಗಳೂ ಚಾಸಿಗೆ ತಗಲಿದ್ದರೆ ಡ್ರೈವರು ಸುಡುತ್ತದೆ. ನಡುವೆ ನೈಲಾನ್ ವಾಷರು ಹಾಕಿ.

ಎಳೆಯುವ ಗಾಲಿ ಎರಡೂ ಹಿಂದಿರಲಿ, ಮುಂದೆ 100 ಮಿ.ಮೀ. ಕ್ಯಾಸ್ಟರ್ (ಎತ್ತ ಬೇಕಾದರೂ ಹೊರಳುವ ಗಾಲಿ). ಎಳೆಯುವ ಗಾಲಿ ನಡುವೆ, ಹಿಂದೆ ಮುಂದೆ ಕ್ಯಾಸ್ಟರ್ ಇಟ್ಟರೆ ನಿಂತಲ್ಲೇ ಚೆನ್ನಾಗಿ ತಿರುಗುತ್ತದೆ ನಿಜ. ಆದರೆ ಹಲಗೆಯ ಬುಡಕ್ಕೆ ಬಂದಾಗ ಎರಡು ಕ್ಯಾಸ್ಟರ್ ಮೇಲೆ ಸೇತುವೆಯ ಹಾಗೆ ನಿಂತು ನಡುವಿನ ಗಾಲಿ ಗಾಳಿಯಲ್ಲಿ ಸುತ್ತುತ್ತಿರುತ್ತದೆ. 50 ಮಿ.ಮೀ.ನ ಚಿಕ್ಕ ಕ್ಯಾಸ್ಟರ್ ಕಾಲೊರೆಸಿನ ಅಂಚಿಗೇ ಸೋಲುತ್ತದೆ.

ಅಗಲ 42 ಸೆಂ.ಮೀ. ಮೀರದಿರಲಿ. ಮೇಲಿನ ತಟ್ಟೆ ನೆಲದಿಂದ 70-75 ಸೆಂ.ಮೀ. ಬ್ಯಾಟರಿ ಎಲ್ಲಕ್ಕಿಂತ ಕೆಳಗೆ. ಆ ತಟ್ಟೆ ಮುಂದಿನ ಗಾಲಿಗಿಂತ 10 ಸೆಂ.ಮೀ.ಗಿಂತ ಹೆಚ್ಚು ಮುಂಚಾಚಬಾರದು. ಯಾಕೆಂದರೆ ನೀವು ಬೇಡವೆಂದರೂ ಅತ್ತೆ ಏಳುವಾಗ ಅದರ ಮೇಲೆ ಕೈಯೂರುತ್ತಾರೆ. 20 ಕೆ.ಜಿ. ಭಾರ 10 ಸೆಂ.ಮೀ. ಮುಂದೆ ಬಿದ್ದರೆ 22 ಕೆ.ಜಿ.ಯ ಯಂತ್ರ ತಡೆದುಕೊಳ್ಳುತ್ತದೆ, 25 ಸೆಂ.ಮೀ. ಮುಂದೆ ಬಿದ್ದರೆ ಇಬ್ಬರೂ ಮಗುಚುತ್ತಾರೆ. ಹಿಡಿಕೆ ಮಾತ್ರ ಇಡಬೇಡಿ. ಹಿಡಿಕೆ ಕಂಡರೆ ಕೈ ಹೋಗುತ್ತದೆ.

ಪ್ರಶ್ನೆ: ನಾವು ನಾಲ್ವರು ಕೊನೆಯ ವರ್ಷದ ಪ್ರಾಜೆಕ್ಟಿಗೆ ಆರು ಕೀಲಿನ ರೋಬೋಟ್ ತೋಳು ಮಾಡಿದ್ದೇವೆ. ಎಲ್ಲ ಕೀಲಿಗೂ ಎಂಜಿ996ಆರ್ ಸರ್ವೊ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರು). ಮಡಚಿಕೊಂಡಾಗ 300 ಗ್ರಾಂ ನೀರಿನ ಬಾಟಲಿ ಎತ್ತುತ್ತದೆ, ಚಾಚಿದರೆ ತೊನೆದು ಬೀಳುತ್ತದೆ. ಭುಜದ ಸರ್ವೊ ಮುಟ್ಟಲಾಗದಷ್ಟು ಬಿಸಿ. ಪ್ರೋಗ್ರಾಮಿನಲ್ಲಿ ತಪ್ಪಿದೆಯೇ?
— ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಹಾಸನ

ಉತ್ತರ: ಪ್ರೋಗ್ರಾಮಿನದು ತಪ್ಪಿಲ್ಲ, ಗುಣಾಕಾರದ್ದು ತಪ್ಪು. ನೀವು ಕೊಟ್ಟ ಅಳತೆಯಂತೆ ತೋಳಿನ ಉದ್ದ 50 ಸೆಂ.ಮೀ., ತೂಕ 900 ಗ್ರಾಂ. ತೋಳಿನ ತೂಕ ನಡುವೆ ಇದೆ ಎಂದುಕೊಂಡರೆ 0.9×25 = 22.5, ಬಾಟಲಿಗೆ 0.3×50 = 15. ಒಟ್ಟು 37.5 ಕೆ.ಜಿ.-ಸೆಂ.ಮೀ. ಈ ಸರ್ವೊ 6 ವೋಲ್ಟಿನಲ್ಲಿ ಪೂರ್ತಿ ತಡೆದು ನಿಲ್ಲಿಸಿದಾಗ ಕೊಡುವುದೇ 11. ಬಾಟಲಿ ಹಾಗಿರಲಿ, ಚಾಚಿದ ಬರಿಗೈಯನ್ನೂ ಅದು ಹೊರಲಾರದು. ಇನ್ನೂ ದೊಡ್ಡ ಸರ್ವೊ ಹಾಕಿದರೆ ಅದರ ತೂಕವೇ ಮುಂದಿನ ಕೀಲಿನ ಹೊರೆ.

ದಾರಿ ಬೇರೆ ಇದೆ: ಭಾರವನ್ನು ಕೀಲಿನ ಮೇಲೆ ಹಾಕಬೇಡಿ, ಕಂಬದ ಮೇಲೆ ಹಾಕಿ. ನೆಟ್ಟಗಿನ ಕಂಬ, ಅದರ ಮೇಲೆ ಹತ್ತಿಳಿಯುವ ಜಾರುಬಂಡಿ, ಜಾರುಬಂಡಿಯಿಂದ ಅಡ್ಡಕ್ಕೆ ಚಾಚುವ ತೋಳು. ಅಡ್ಡ ಚಲನೆಗೆ ಗುರುತ್ವದ ಹೊರೆಯೇ ಇಲ್ಲ. ಅಮೆರಿಕದ ಹೆಲೋ ರೋಬೋಟ್ ಸಂಸ್ಥೆಯ ‘ಸ್ಟ್ರೆಚ್’ ಇದೇ ಮಾದರಿಯದು, ತೂಕ 25 ಕೆ.ಜಿ.ಯ ಒಳಗೆ. ಅದಕ್ಕೂ ಮುಂಚೆ 2010ರಲ್ಲಿ ಬಂದ, ಮನುಷ್ಯನಂತೆ ಎರಡು ತೋಳಿದ್ದ ಪಿಆರ್2 ತೂಗುತ್ತಿದ್ದುದು 200 ಕೆ.ಜಿ.ಗೂ ಹೆಚ್ಚು. ಪಾರ್ಶ್ವವಾಯುವಿನಿಂದ ಕೈಕಾಲು ಆಡದ ಹೆನ್ರಿ ಇವಾನ್ಸ್ ಎಂಬ ಕ್ಯಾಲಿಫೋರ್ನಿಯಾದವರು ತಲೆಯ ಅಲುಗಾಟದಿಂದಲೇ ಪಿಆರ್2 ನಡೆಸಿ ತಮ್ಮ ಕೆನ್ನೆ ತುರಿಸಿಕೊಂಡರು, ಗಡ್ಡ ಹೆರೆದುಕೊಂಡರು. ಆಮೇಲೆ ಅವರ ಮನೆಗೆ ಬಂದದ್ದು ಹಗುರಾದ ಸ್ಟ್ರೆಚ್.

ನಿಮಗೆ 40×40 ಅಲ್ಯೂಮಿನಿಯಂ ಕಂಬ 1.1 ಮೀಟರ್, ನೆಮಾ 17 ಅಳತೆಯ ಸ್ಟೆಪರ್ (ಹಂತಹಂತವಾಗಿ ತಿರುಗುವ) ಮೋಟಾರು, 8 ಮಿ.ಮೀ. ದಪ್ಪದ ತಿರುಪಿನ ಸರಳು ಸಾಕು. ಸರಳು ಕೊಳ್ಳುವಾಗ ಒಂದು ಸುತ್ತಿಗೆ ಎಷ್ಟು ಮುಂದೆ ಹೋಗುತ್ತದೆ ಕೇಳಿ. ಅಂಗಡಿಯಲ್ಲಿ ಮೊದಲು ಕೊಡುವುದು 8 ಮಿ.ಮೀ.ಯದು. ಅದು ಬೇಗ ಏರುತ್ತದೆ, ಕರೆಂಟು ಹೋದ ಕೂಡಲೇ ಸರ್ರನೆ ಇಳಿಯುತ್ತದೆ, ಕೆಳಗೆ ಯಾರದಾದರೂ ಕೈ ಇದ್ದರೆ ಕಥೆ ಮುಗಿಯಿತು. 2 ಮಿ.ಮೀ.ಯದು ತಾನೇ ಕಚ್ಚಿ ನಿಲ್ಲುತ್ತದೆ, ಆದರೆ ನಿಮಿಷಕ್ಕೆ 400 ಸುತ್ತಿನಲ್ಲಿ ನೆಲದಿಂದ ಮೇಜಿನೆತ್ತರಕ್ಕೆ ಬರಲು ಹೆಚ್ಚುಕಡಿಮೆ ಒಂದು ನಿಮಿಷ. ನಮ್ಮ ಮತ ನಿಧಾನದ್ದಕ್ಕೇ. ಜಾರುಬಂಡಿಯನ್ನು ಸದಾ ಮೇಜಿನೆತ್ತರದಲ್ಲಿ ನಿಲ್ಲಿಸಿ, ಬಿದ್ದದ್ದನ್ನು ಎತ್ತುವಾಗ ಮಾತ್ರ ಕೆಳಗಿಳಿಸಿ.

ಹಿಡಿತದ ಬಗ್ಗೆ ಒಂದು ಮಾತು. 400 ಗ್ರಾಂ ತೂಗುವ ಒದ್ದೆ ಸ್ಟೀಲ್ ಲೋಟವನ್ನು ರಬ್ಬರ್ ಬೆರಳಿನಿಂದ ಒತ್ತಿ ಹಿಡಿಯಲು, ಘರ್ಷಣೆ 0.3 ಎಂದುಕೊಂಡರೆ, 6.5 ನ್ಯೂಟನ್ ಬೇಕು. ಭದ್ರತೆಗೆ ಮೂರರಷ್ಟು ಇಟ್ಟರೆ 20. ಅಷ್ಟು ಒತ್ತಿದರೆ ಪೇಪರ್ ಲೋಟ ನಜ್ಜುಗುಜ್ಜು. ನಮ್ಮ ಕಾಫಿ ಲೋಟಕ್ಕೆ ಬಾಯಂಚು ಮಡಚಿರುತ್ತದಲ್ಲ, ಅದರ ಕೆಳಗೆ ತೂರುವ ಕವೆಯಂಥ ಯು ಆಕಾರದ ತಗಡು ಮಾಡಿ. ಒತ್ತುವ ಕೆಲಸವೇ ಇಲ್ಲ, ಲೋಟ ತನ್ನ ತೂಕಕ್ಕೆ ತಾನೇ ಕೂರುತ್ತದೆ. ಲೋಟದೊಳಗಿನ ಕಾಫಿ ಸೆಕೆಂಡಿಗೆ ಮೂರು-ನಾಲ್ಕು ಸಲ ತುಳುಕುವ ಸ್ವಭಾವದ್ದು. ಗಾಡಿಯ ವೇಗವನ್ನು ಸೊನ್ನೆಯಿಂದ ಪೂರ್ತಿಗೆ 1.2 ಸೆಕೆಂಡಿನಲ್ಲಿ ನಿಧಾನವಾಗಿ ಏರಿಸಿ, ಎರಡು ಸೆಂ.ಮೀ. ಖಾಲಿ ಬಿಟ್ಟು ತುಂಬಿ.

ಪ್ರಶ್ನೆ: ನನ್ನ ರೋಬೋಟಿಗೆ ಮುಂದೆ ಎರಡು ಅಲ್ಟ್ರಾಸಾನಿಕ್ (ಸದ್ದಿನ ಮರುದನಿಯಿಂದ ಅಡ್ಡಿ ಗುರುತಿಸುವ) ಸೆನ್ಸರ್, ಕೆಳಗೆ ಐ.ಆರ್. (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ) ಸೆನ್ಸರ್ ಹಾಕಿದ್ದೇನೆ. ರೆಡ್ ಆಕ್ಸೈಡ್ ನೆಲದ ಮೇಲೆ ಸರಿಯಾಗಿ ಓಡುತ್ತದೆ. ಕಡಪ ಕಲ್ಲಿನ ಮೇಲೆ ಸುಮ್ಮನೆ ನಿಂತುಬಿಡುತ್ತದೆ. ಮೊನ್ನೆ ಮಧ್ಯಾಹ್ನ ಜಗಲಿಯಿಂದ ಕೆಳಗೆ ಬಿತ್ತು. ಸೊಳ್ಳೆ ಪರದೆಗೂ ಸಿಕ್ಕಿಕೊಂಡಿತ್ತು.
— ಓದುಗರು, ಅರಸೀಕೆರೆ

ಉತ್ತರ: ಮೂರಕ್ಕೂ ಮೂರು ಬೇರೆ ಕಾರಣ. ಐ.ಆರ್. ಸೆನ್ಸರ್ ಬೆಳಕು ಬಿಟ್ಟು, ಎಷ್ಟು ಮರಳಿ ಬಂತು ಎಂದು ನೋಡುತ್ತದೆ. ಕಪ್ಪು ಕಲ್ಲು ಬೆಳಕನ್ನು ನುಂಗುವುದರಿಂದ ‘ನೆಲ ಇಲ್ಲ’ ಎಂದು ತಿಳಿದು ನಿಲ್ಲುತ್ತದೆ. ಇದು ಕಿರಿಕಿರಿ, ಅಪಾಯವಲ್ಲ. ಜಗಲಿಯಲ್ಲಿ ಆದದ್ದು ತಿರುಗುಮುರುಗು: ಬಿಸಿಲಿನಲ್ಲೇ ಐ.ಆರ್. ತುಂಬಿರುತ್ತದೆ, ಸೆನ್ಸರಿಗೆ ‘ನೆಲ ಇದೆ’ ಎಂದೇ ಕಂಡಿತು, ಬಿತ್ತು. ಕೆಳಗೆ ವಿಎಲ್53ಎಲ್0ಎಕ್ಸ್‌ನಂಥ, ಬೆಳಕು ಹೋಗಿಬರುವ ಸಮಯದಿಂದ ದೂರ ಅಳೆಯುವ ಸೆನ್ಸರ್ ಹಾಕಿ. ನೆಲ 40 ಮಿ.ಮೀ.ಗೆ ಸಿಗಬೇಕು. 70 ದಾಟಿದರೆ ನಿಲ್ಲಿಸಿ, ಏನೂ ಓದಲಾಗದಿದ್ದರೂ ನಿಲ್ಲಿಸಿ. ಎರಡನೆಯದನ್ನೇ ಎಲ್ಲರೂ ಮರೆಯುವುದು. ಸೆಕೆಂಡಿಗೆ 0.35 ಮೀಟರ್ ವೇಗದಲ್ಲಿ, ಯೋಚಿಸಲು 0.1 ಸೆಕೆಂಡು ಸೇರಿಸಿ, ಗಾಡಿ ನಿಲ್ಲಲು ಸುಮಾರು 10 ಸೆಂ.ಮೀ. ಬೇಕು. ಆದ್ದರಿಂದ ಸೆನ್ಸರ್ ಮುಂದಿನ ಗಾಲಿಗಿಂತ ಕನಿಷ್ಠ 12 ಸೆಂ.ಮೀ. ಮುಂದಿರಬೇಕು. ಗಾಲಿಯ ಪಕ್ಕದಲ್ಲೇ ಇಟ್ಟರೆ ಬೀಳುವಾಗ ಸುದ್ದಿ ತಿಳಿಸುತ್ತದೆ, ಅಷ್ಟೆ. ಇದೆಲ್ಲಕ್ಕಿಂತ ನಂಬಿಗಸ್ತ ಸೆನ್ಸರ್ ಜಗಲಿಯ ಅಂಚಿಗೆ ಹೊಡೆದ ಎರಡಿಂಚಿನ ಮರದ ಪಟ್ಟಿ.

ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್‌ಗೆ ಪರದೆ, ಸೊಳ್ಳೆ ಪರದೆ, ನೇತಾಡುವ ಸೆರಗು ಕಾಣುವುದಿಲ್ಲ. ಬಟ್ಟೆ ಶಬ್ದವನ್ನು ಹೀರುತ್ತದೆ. ಎರಡನ್ನೂ ಒಟ್ಟಿಗೆ ಕೂಗಿಸಿದರೆ ಒಂದರ ಸದ್ದು ಇನ್ನೊಂದಕ್ಕೆ ಕೇಳುತ್ತದೆ, 60 ಮಿಲಿಸೆಕೆಂಡು ಬಿಟ್ಟು ಬಿಟ್ಟು ಕೂಗಿಸಿ. ಇಎಸ್‌ಪಿ32 ಎಂಬ ಪುಟ್ಟ ನಿಯಂತ್ರಕ ಬೋರ್ಡಿಗೆ ಜೋಡಿಸಿದ್ದರೆ ಎಕೋ ಪಿನ್ನಿನ 5 ವೋಲ್ಟನ್ನು 1 ಕಿಲೋ-ಓಮ್, 2 ಕಿಲೋ-ಓಮ್ ರೆಸಿಸ್ಟರಿನಿಂದ 3.3ಕ್ಕೆ ಇಳಿಸಿ. ಲೈಡಾರ್ (ಲೇಸರ್ ಸುತ್ತಿಸಿ ದೂರ ಅಳೆಯುವ ಸೆನ್ಸರ್) ಹಾಕುತ್ತೇನೆಂದು ಹೊರಡಬೇಡಿ. ಅದು ತನ್ನೆತ್ತರದ ಒಂದೇ ಗೆರೆಯನ್ನು ನೋಡುತ್ತದೆ. ಮಂಚದ ಕಾಲು ಕಾಣುತ್ತದೆ, ಮಂಚದ ಅಂಚಾಗಲಿ ಇಳಿಬಿಟ್ಟ ಪಾದವಾಗಲಿ ನೆಲದ ಮೇಲಿನ ಊಟದ ತಟ್ಟೆಯಾಗಲಿ ಕಾಣದು. ಕೊನೆಯ ಕಾವಲು ಮುಂದಿನ ಬಂಪರ್: ಪೂರ್ತಿ ಅಗಲಕ್ಕೆ ಸ್ಪಂಜು, ಹಿಂದೆ ಎರಡು ಮೈಕ್ರೋಸ್ವಿಚ್. ಗಾಲಿಯ ಸುತ್ತ ಬ್ರಷ್ ಪಟ್ಟಿ ಹಚ್ಚಿದರೆ ಬಟ್ಟೆ ಸುತ್ತಿಕೊಳ್ಳುವುದಿಲ್ಲ.

ರೋಗಿಗೆ ಮೂತ್ರದ ಕೊಳವೆ ಹಾಕಿದ್ದರೆ ಒಂದು ಎಚ್ಚರ. ನೆಲಕ್ಕೆ ತಾಗಿದ ಕೊಳವೆಯ ಮೇಲೆ ಗಾಲಿ ಹತ್ತಿ ಎಳೆದರೆ ಒಳಗೆ ಗಾಯವಾಗುತ್ತದೆ. ಚೀಲವನ್ನು ಮಂಚದ ಇನ್ನೊಂದು ಬದಿಗೆ, ಮೂತ್ರಕೋಶಕ್ಕಿಂತ ಕೆಳಗೆ ನೇತುಹಾಕಿ, ಆ ಬದಿಗೆ ಯಂತ್ರ ಬರದಂತೆ ಮಾಡಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಎರಡು-ಮೂರು ದಿನ ಕರೆಂಟು ಇರುವುದಿಲ್ಲ. 12 ವೋಲ್ಟಿನ 20 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ದರೂ ಒಂದೇ ದಿನಕ್ಕೆ ಮುಗಿಯುತ್ತಿದೆ. ರಾಸ್ಪ್ಬೆರಿ ಪೈ (ಪುಟ್ಟ ಕಂಪ್ಯೂಟರ್), ಲೈಡಾರ್, ಇಎಸ್‌ಪಿ32 ಹಾಕಿದ್ದೇನೆ. ದಿನಕ್ಕೆ 12 ಸಲ ಮಾತ್ರ ಓಡಿಸುವುದು.
— ಓದುಗರು, ಕೊಪ್ಪ

ಉತ್ತರ: ಬ್ಯಾಟರಿಯನ್ನು ತಿನ್ನುತ್ತಿರುವುದು ಓಡಾಟವಲ್ಲ, ಕಾಯುವುದು. 12.8 ವೋಲ್ಟ್ × 20 = 256 ವ್ಯಾಟ್-ಅವರ್. ಒಂದು ಸಲಕ್ಕೆ ಮೂರು ನಿಮಿಷದಂತೆ 12 ಸಲ ಅಂದರೆ 36 ನಿಮಿಷ. 35 ವ್ಯಾಟಿನಲ್ಲಿ 21 ವ್ಯಾಟ್-ಅವರ್. ಆದರೆ ಪೈಗೆ 5 ವ್ಯಾಟ್, ಲೈಡಾರಿಗೆ 2, ಉಳಿದದ್ದಕ್ಕೆ 1, ಹೀಗೆ 8 ವ್ಯಾಟ್ ಹಗಲುರಾತ್ರಿ ಉರಿದರೆ 192 ವ್ಯಾಟ್-ಅವರ್. ಓಡಿದ್ದಕ್ಕಿಂತ ಒಂಬತ್ತು ಪಟ್ಟು! ಇಎಸ್‌ಪಿ32 ಒಂದೇ ಎಚ್ಚರವಿದ್ದು, ಕರೆ ಬಂದಾಗ ರಿಲೇ ಮೂಲಕ ಪೈಯನ್ನೂ ಲೈಡಾರನ್ನೂ ಎಬ್ಬಿಸಲಿ. ಏಳಲು ಅರ್ಧ ನಿಮಿಷ ಹಿಡಿಯಬಹುದು, ಆ ಹೊತ್ತಿಗೆ ಒಂದು ದೀಪ ಮಿನುಗಿಸಿ ‘ಬರುತ್ತಿದ್ದೇನೆ’ ಎಂದು ತಿಳಿಸಿದರೆ ಸಾಕು. ಆಗ ದಿನಕ್ಕೆ 50 ವ್ಯಾಟ್-ಅವರ್ ಒಳಗೆ ಮುಗಿಯುತ್ತದೆ, ನಾಲ್ಕು ದಿನ ನಡೆಯುತ್ತದೆ. ಪೈ ಆರಿಸುವಾಗ ತಟ್ಟನೆ ಕರೆಂಟು ಕೀಳಬೇಡಿ, ಮೆಮೊರಿ ಕಾರ್ಡು ಕೆಡುತ್ತದೆ.

ಈ ಬ್ಯಾಟರಿಯ ಚಾರ್ಜಿಂಗ್ 14.6 ವೋಲ್ಟಿಗೆ ನಿಲ್ಲಬೇಕು. ಮನೆಯ ಯುಪಿಎಸ್‌ನ ಹಳೇ ಚಾರ್ಜರಿಗೆ ಹಾಕಬೇಡಿ. ಅದು ಸೀಸದ ಬ್ಯಾಟರಿಗೆ ಆಗಾಗ ಹೆಚ್ಚು ವೋಲ್ಟು ಕೊಡುವಂತೆ ಮಾಡಿರಬಹುದು. ಪ್ಲಸ್ ತುದಿಯಿಂದ ಗೇಣು ದೂರದೊಳಗೆ 15 ಆಂಪಿಯರ್ ಫ್ಯೂಸ್ ಇರಲಿ. ಮೋಟಾರಿಗೆ ಎಲ್298ಎನ್ ಡ್ರೈವರ್ ಇದ್ದರೆ ತೆಗೆದುಬಿಡಿ. ಅದು ಎರಡು-ಮೂರು ವೋಲ್ಟನ್ನು ಶಾಖ ಮಾಡಿಯೇ ಕಳೆಯುತ್ತದೆ. ಮೋಟಾರು ಹೊರಟ ಕೂಡಲೇ ಇಎಸ್‌ಪಿ32 ರೀಸ್ಟಾರ್ಟ್ ಆಗುತ್ತಿದ್ದರೆ ಅದಕ್ಕೆ ಬೇರೆಯೇ ಬಕ್ ಕನ್ವರ್ಟರ್ (ವೋಲ್ಟು ಇಳಿಸುವ ಸರ್ಕ್ಯೂಟು) ಕೊಟ್ಟು ಪಕ್ಕದಲ್ಲಿ 1,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ.

ಮಲೆನಾಡಿನ ಥಂಡಿಗೆ ಚಾರ್ಜಿಂಗ್ ಕಟ್ಟೆಯ ಹಿತ್ತಾಳೆ ಪಟ್ಟಿ ಹದಿನೈದು ದಿನಕ್ಕೆ ಹಸಿರು ಕಟ್ಟುತ್ತದೆ. ಯಂತ್ರ ಬಂದು ಕೂರುವಾಗ ಅರ್ಧ ಇಂಚು ಉಜ್ಜಿಕೊಂಡು ಹೋಗುವಂತೆ ಮಾಡಿದರೆ ತಾನೇ ಸ್ವಚ್ಛವಾಗುತ್ತದೆ. ಬೋರ್ಡಿಗೆ ತೇವ ತಡೆಯುವ ಕನ್ಫಾರ್ಮಲ್ ಕೋಟಿಂಗ್ ಸ್ಪ್ರೇ ಹೊಡೆಯಿರಿ, ಕನೆಕ್ಟರುಗಳನ್ನು ಟೇಪಿನಿಂದ ಮುಚ್ಚಿ. ಇಲಿಗೆ ತಂತಿ ಸಿಗದಂತೆ ಜಿ.ಐ. ಕೊಳವೆಯೊಳಗೆ ಎಳೆಯಿರಿ. ಮುಂಗಾರಿಗೆ ಮುಂಚಿನ ಗುಡುಗಿನ ದಿನಗಳಲ್ಲಿ ಕಟ್ಟೆಯ ಪ್ಲಗ್ಗು ಕಿತ್ತಿಡಿ.

ಪ್ರಶ್ನೆ: ತಂದೆಗೆ ಲಕ್ವದಿಂದ ಮಾತು ತೊದಲುತ್ತದೆ. ರೋಬೋಟನ್ನು ಕರೆಯಲು ಫೋನಿನ ಕನ್ನಡ ಧ್ವನಿಗುರುತು ಬಳಸಿದರೆ ಅದು ಅವರ ಮಾತು ಹಿಡಿಯುವುದಿಲ್ಲ. ಮಳೆ ಬಂದರೆ ಷೀಟಿನ ಸದ್ದಿಗೆ ನನ್ನ ಮಾತೂ ಹಿಡಿಯುವುದಿಲ್ಲ.
— ಓದುಗರು, ಬೇಲೂರು

ಉತ್ತರ: ಧ್ವನಿ ಇರಲಿ, ಆದರೆ ಅದರ ಮೇಲೆಯೇ ನಿಲ್ಲಬೇಡಿ. ಇಂಟರ್ನೆಟ್ಟಿಗೆ ಕಳಿಸುವ ಧ್ವನಿಗುರುತು ಬೇಡ. ನಾಲ್ಕೇ ಪದ ಗುರುತಿಸುವ ಚಿಕ್ಕ ಮಾದರಿಯನ್ನು ಅವರದೇ ದನಿಯಲ್ಲಿ ಕಲಿಸಿ. ಪದಕ್ಕೆ 40-50 ಸಲ, ಬೆಳಿಗ್ಗೆ ಸ್ವಲ್ಪ, ಸುಸ್ತಾದ ಸಂಜೆ ಸ್ವಲ್ಪ, ಮಳೆ ಸದ್ದು ಮತ್ತು ಟಿ.ವಿ. ಸದ್ದಿನ ನಡುವೆ ಸ್ವಲ್ಪ. ‘ಬಾ’ ಎಂಬ ಒಂದಕ್ಷರದ ಪದ ಬೇಡ, ಧಾರಾವಾಹಿಯಲ್ಲಿ ಯಾರು ಯಾರನ್ನು ಕರೆದರೂ ಯಂತ್ರ ಓಡಿಬರುತ್ತದೆ. ಅವರ ಬಾಯಿಗೆ ಸುಲಭವಾಗಿ ಬರುವ ಮೂರಕ್ಷರದ ಪದ ಅವರೇ ಆರಿಸಲಿ.

ನಿಜವಾದ ಆಧಾರ ಒಂದು ಗುಂಡಿ. ಅಂಗೈಯಗಲದ್ದು, 100 ಗ್ರಾಂ ಒತ್ತಡಕ್ಕೆ ಒತ್ತಿಕೊಳ್ಳುವಂಥದ್ದು. ತುದಿಗೆ 3.5 ಮಿ.ಮೀ. ಮೊನೊ ಜ್ಯಾಕ್ ಹಾಕಿ. ಅಂಗವಿಕಲರ ಸ್ವಿಚ್ಚುಗಳಲ್ಲಿ ಬಹುಪಾಲು ಅದೇ ಜ್ಯಾಕಿನವು, ನಾಳೆ ಗಲ್ಲದ ಸ್ವಿಚ್ಚೋ ಊದುವ ಸ್ವಿಚ್ಚೋ ಬೇಕಾದರೆ ಬದಲಿಸಬಹುದು. ನಾಲ್ಕು ದೀಪ ಒಂದಾದ ಮೇಲೊಂದು ಎರಡೆರಡು ಸೆಕೆಂಡು ಉರಿಯಲಿ: ಬಾ, ಹೋಗು, ದೀಪ, ಗಂಟೆ. ಬೇಕಾದ್ದು ಉರಿಯುವಾಗ ಒತ್ತುವುದು. ಕೈ ನಡುಗುವವರಿಗೆ 400 ಮಿಲಿಸೆಕೆಂಡು ಒತ್ತಿ ಹಿಡಿದರೆ ಮಾತ್ರ ಲೆಕ್ಕ, ಆಮೇಲಿನ ಒಂದು ಸೆಕೆಂಡು ಏನು ಒತ್ತಿದರೂ ಲೆಕ್ಕವಿಲ್ಲ. ಮೂರು ಸೆಕೆಂಡು ಹಿಡಿದರೆ ಅಂಗಳದಲ್ಲಿ ಗಂಟೆ ಹೊಡೆಯಲಿ. ಈ ಗಂಟೆಯ ತಂತಿ ರೋಬೋಟಿನ ಮೂಲಕ ಹೋಗಬಾರದು, ನೇರ ಇರಬೇಕು.

ಪ್ರಶ್ನೆ: ಅಪ್ಪನನ್ನು ಮಂಚದಿಂದ ಎತ್ತಿ ಕಮೋಡಿಗೆ ಕೂರಿಸುವ ರೋಬೋಟ್ ಕಟ್ಟಬಹುದೇ?
— ಓದುಗರು, ಕಡೂರು

ಉತ್ತರ: ಬೇಡ. ಜಪಾನಿನ ರಿಕೆನ್ ಸಂಸ್ಥೆ 2015ರಲ್ಲಿ ತೋರಿಸಿದ, ರೋಗಿಯನ್ನು ಎತ್ತುವ ‘ರೊಬೇರ್’ ತೂಗುತ್ತಿದ್ದುದು 140 ಕೆ.ಜಿ. ಮನುಷ್ಯನನ್ನು ಮುಂದಕ್ಕೆ ಚಾಚಿ ಹಿಡಿದರೂ ಮಗುಚಬಾರದೆಂದರೆ ಅಷ್ಟು ತೂಕ, ಅಗಲಿಸುವ ಕಾಲು ಬೇಕೇ ಬೇಕು. ಅದಕ್ಕೆ ಆಸ್ಪತ್ರೆಗಳಲ್ಲಿ ಬಳಸುವ, ಜೋಲಿ ಇರುವ ಹಾಯಿಸ್ಟ್ ಇದೆ, ತೂಕದ ಮಿತಿ ಬರೆದದ್ದನ್ನು ಕೊಳ್ಳಿ. ಅದಕ್ಕೂ ಮುಂಚೆ ಮಂಚದ ಎತ್ತರವನ್ನು ಗಾಲಿಕುರ್ಚಿಯ ಕೂರುವ ಎತ್ತರಕ್ಕೆ, ಸುಮಾರು 50 ಸೆಂ.ಮೀ.ಗೆ, ಸಮ ಮಾಡಿ, ಜಾರುಹಲಗೆ ಬಳಸುವುದನ್ನು ಫಿಸಿಯೋಥೆರಪಿಸ್ಟರಿಂದ ಕಲಿಯಿರಿ.

ಪ್ರಶ್ನೆ: ಮಗನಿಗೆ 24. ಮೆಣಸು ಕೊಯ್ಯುವಾಗ ಸಿಲ್ವರ್ ಮರದಿಂದ ಬಿದ್ದು ಕುತ್ತಿಗೆಯಿಂದ ಕೆಳಗೆ ಸ್ಪರ್ಶವಿಲ್ಲ. ಕತ್ತು ಆಡಿಸುತ್ತಾನೆ. ತಾನೇ ಊಟ ಮಾಡುವ ಹಾಗೆ ಏನಾದರೂ ಆಗಬಹುದೇ? ಮುದ್ದೆ ಇಲ್ಲದೆ ಅವನಿಗೆ ಊಟ ಆಗುವುದಿಲ್ಲ.
— ತಾಯಿ, ಸಕಲೇಶಪುರ ತಾಲ್ಲೂಕು

ಉತ್ತರ: ಆಗಬಹುದು, ತಾಯಿ. ಉಣಿಸುವ ಯಂತ್ರ ಹೊಸದಲ್ಲ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದಲ್ಲಿ ‘ಹ್ಯಾಂಡಿ 1’ ಶುರುವಾದದ್ದು 1987ರಲ್ಲಿ, ಸೆರೆಬ್ರಲ್ ಪಾಲ್ಸಿ ಇದ್ದ ಒಬ್ಬ ಹುಡುಗನಿಗಾಗಿ. ಇವೆಲ್ಲ ಚಮಚೆಯ ಊಟಕ್ಕೆ ಮಾಡಿದವು. ಮುದ್ದೆಯ ಸಂಗತಿ ಯಾವ ಕಂಪನಿಯೂ ಯೋಚಿಸಿದಂತೆ ಕಾಣುವುದಿಲ್ಲ.

ಮೊದಲು ನುಂಗುವುದನ್ನು ಪರೀಕ್ಷೆ ಮಾಡಿಸಿ. ನೀರು ಕುಡಿದಾಗ ಕೆಮ್ಮು ಬಂದರೆ, ಊಟವಾದ ಮೇಲೆ ದನಿ ಗೊರಗೊರ ಎಂದರೆ ಯಂತ್ರದ ಮಾತು ಬೇಡ, ವೈದ್ಯರಿಗೆ ತೋರಿಸಿ. ಮುದ್ದೆ ಅಗಿಯದೆ ನುಂಗುವ ಪದಾರ್ಥ. ಗಂಟಲು ಸರಿಯಿಲ್ಲದವರಿಗೆ ಅದೇ ಅತಿ ಅಪಾಯದ್ದು. ನೆಟ್ಟಗೆ ಕೂತು, ಗಲ್ಲ ಸ್ವಲ್ಪ ಮುಂದಕ್ಕೆ ಬಗ್ಗಿಸಿಯೇ ಉಣ್ಣಬೇಕು. ತಿನ್ನುವಾಗ ಮನೆಯಲ್ಲಿ ಒಬ್ಬರು ಇರಲೇಬೇಕು.

ಯಂತ್ರದ ಚಮಚೆ ಮುದ್ದೆ ಮುರಿಯಲಾರದು. ಅಂಟಿ, ಇಡೀ ಮುದ್ದೆಯನ್ನೇ ಎತ್ತಿಕೊಂಡು ಬರುತ್ತದೆ. ಹಾಗಾಗಿ ನೀವೇ ನೆಲ್ಲಿಕಾಯಿಗಿಂತ ಚಿಕ್ಕ ತುತ್ತು ಮಾಡಿ, ಸಾರಿನಲ್ಲಿ ಹೊರಳಿಸಿ, ಎಂಟು ಗುಳಿಯ ತಿರುಗುವ ತಟ್ಟೆಯಲ್ಲಿ ಗುಳಿಗೊಂದರಂತೆ ಇಡಿ. ಗುಳಿಗೆ ಸಾರು ಒಂದು ಚಮಚೆ ಇದ್ದರೆ ತುತ್ತು ಜಾರಿ ಚಮಚೆಗೆ ಬರುತ್ತದೆ, ಒಣಗಿದರೆ ಬರುವುದಿಲ್ಲ. ಸಿಲಿಕಾನ್ ಚಮಚೆ, ಅದರ ಹಿಡಿ ಆಯಸ್ಕಾಂತದಿಂದ ಕೂತಿರಲಿ. ಮಗ ತಲೆ ತಟ್ಟನೆ ತಿರುಗಿಸಿದರೆ ಅರ್ಧ ಕೆ.ಜಿ. ಬಲಕ್ಕೆ ಕಳಚಿ ಬೀಳಬೇಕು. ಚಮಚೆ ಬಾಯೊಳಗೆ ಬರಬಾರದು, ತುಟಿಯಿಂದ ಮೂರು ಸೆಂ.ಮೀ. ಮುಂದೆ ನಿಲ್ಲಬೇಕು, ಮಗ ಕತ್ತು ಚಾಚಿ ತೆಗೆದುಕೊಳ್ಳಲಿ. ಕೊನೆಯ 10 ಸೆಂ.ಮೀ. ದಾರಿಯನ್ನು ಸೆಕೆಂಡಿಗೆ 3 ಸೆಂ.ಮೀ. ವೇಗದಲ್ಲಿ ಬರಲಿ. ಮುಂದಿನ ತುತ್ತು ಯಾವಾಗ ಎಂಬುದು ಗಲ್ಲದ ಸ್ವಿಚ್ಚಿನಿಂದ ಅವನ ತೀರ್ಮಾನವೇ ಆಗಬೇಕು, ಗಡಿಯಾರದ್ದಲ್ಲ.

ಸಾರು ಬೆರಳದ್ದಿ ಹತ್ತು ಎಣಿಸುವಷ್ಟು ಆರಿರಬೇಕು. ಎದೆ, ತೊಡೆಯ ಮೇಲೆ ಬಿಸಿ ಚೆಲ್ಲಿದರೆ ಅವನಿಗೆ ತಿಳಿಯುವುದೇ ಇಲ್ಲ, ಬೊಬ್ಬೆ ಎದ್ದ ಮೇಲೆ ನೀವು ನೋಡುತ್ತೀರಿ. ದಪ್ಪ ರಬ್ಬರ್ ಹಾಳೆಯ ಮೇಲೆ ಟವೆಲ್ಲು ಹಾಸಿ.

ಪ್ರಶ್ನೆ: ಸರ್ಕಾರದ ನೆರವು ಇದೆಯೇ?
— ಓದುಗರು, ಚನ್ನರಾಯಪಟ್ಟಣ

ಉತ್ತರ: ಮನೆಯಲ್ಲಿ ಕಟ್ಟುವ ರೋಬೋಟಿಗೆ ನೆರವು ಕಾಯುತ್ತ ಕೂರಬೇಡಿ. ಗಾಲಿಕುರ್ಚಿ, ತ್ರಿಚಕ್ರದಂಥ ಸಾಧನಗಳಿಗೆ ಕೇಂದ್ರದ ಅಡಿಪ್ ಯೋಜನೆ 1981ರಿಂದ ಇದೆ, 40% ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಮಾಡಿಸದಿದ್ದರೆ ಮೊದಲು ಅದನ್ನು ಮಾಡಿಸಿ.

ಪ್ರಶ್ನೆ: ಎಲ್ಲ ಕಟ್ಟಿ ಮುಗಿಯಿತು. ಅಜ್ಜಿಯ ಕೈಗೆ ಯಾವಾಗ ಕೊಡಬಹುದು? ಯಂತ್ರವನ್ನು ತಟ್ಟನೆ ನಿಲ್ಲಿಸುವ ಕೆಂಪು ಗುಂಡಿ ಎಲ್ಲಿಡಬೇಕು?
— ಓದುಗಿ, ಚಿಕ್ಕಮಗಳೂರು

ಉತ್ತರ: ಕೆಂಪು ಗುಂಡಿ ಎರಡು ಇರಲಿ. ಒಂದು ಯಂತ್ರದ ತಲೆಯ ಮೇಲೆ, ಒತ್ತಿದರೆ ಕಚ್ಚಿಕೊಳ್ಳುವ ಅಣಬೆ ಗುಂಡಿ. ಇನ್ನೊಂದು ಅಜ್ಜಿಯ ಪಕ್ಕ, ವೈರ್‌ಲೆಸ್. ಮೊದಲನೆಯದು ಪ್ರೋಗ್ರಾಮಿಗೆ ಸುದ್ದಿ ಕೊಡುವಂಥದ್ದಾಗಬಾರದು, ಮೋಟಾರಿನ ರಿಲೇಯ ಕರೆಂಟನ್ನೇ ಕಡಿಯಬೇಕು. ತಂತಿ ತುಂಡಾದರೂ ಯಂತ್ರ ನಿಲ್ಲುವ ಹಾಗೆ ‘ಸದಾ ಮುಚ್ಚಿದ’ ಸಂಪರ್ಕ ಬಳಸಿ. ವೈರ್‌ಲೆಸ್ ಗುಂಡಿ ಸುಮ್ಮನಿರುವಾಗಲೂ ಸಂಕೇತ ಕಳಿಸುತ್ತಿರಲಿ, ಅರ್ಧ ಸೆಕೆಂಡು ಬರದಿದ್ದರೆ ಯಂತ್ರ ನಿಲ್ಲಬೇಕು. ಮನೆಯಲ್ಲಿ ನೆರವಾಗುವ ರೋಬೋಟುಗಳ ಸುರಕ್ಷತೆಗೆಂದೇ ಐಎಸ್‌ಒ 13482 ಎಂಬ ಅಂತರರಾಷ್ಟ್ರೀಯ ಮಾನದಂಡ 2014ರಲ್ಲಿ ಬಂದಿದೆ. ಕಟ್ಟುವವರು ಅದರಲ್ಲಿನ ಅಪಾಯಗಳ ಪಟ್ಟಿಯನ್ನಾದರೂ ಓದಬೇಕು.

ಪರೀಕ್ಷೆಗೆ ಖಾಲಿ ಯಂತ್ರ ಓಡಿಸಬೇಡಿ. ಅಂಚಿನವರೆಗೆ ನೀರು ತುಂಬಿದ ಲೋಟವಿಟ್ಟು ನೂರು ಸಲ ಓಡಿಸಿ. ನೆಲ ಒರೆಸಿ ಒದ್ದೆ ಇರುವಾಗ ಇಪ್ಪತ್ತು ಸಲ, ಬ್ಯಾಟರಿ ಮುಗಿಯುತ್ತ ಬಂದಾಗ ಇಪ್ಪತ್ತು, ಬಾಗಿಲ ಬಿಸಿಲು ಒಳಗೆ ಬೀಳುವ ಹೊತ್ತಿನಲ್ಲಿ ಇಪ್ಪತ್ತು. ದಾರಿಗೆ ಚಪ್ಪಲಿ, ಮಣೆ, ಮಡಚಿದ ಚಾಪೆ ಹಾಕಿ ನೋಡಿ. ನೂರರಲ್ಲಿ ಎರಡು ತಪ್ಪಾದರೆ ಪರವಾಗಿಲ್ಲ ಅನ್ನಿಸುತ್ತದೆ. ದಿನಕ್ಕೆ 12 ಸಲ ಓಡುವ ಯಂತ್ರಕ್ಕೆ ಅದು ನಾಲ್ಕು ದಿನಕ್ಕೊಂದು ತಪ್ಪು. ಆ ತಪ್ಪು ಸುಮ್ಮನೆ ನಿಂತುಬಿಡುವಂಥದ್ದಾದರೆ ಕೊಡಬಹುದು, ಡಿಕ್ಕಿ ಹೊಡೆಯುವಂಥದ್ದಾದರೆ ಕೊಡಬಾರದು. ಕೊಟ್ಟ ಮೇಲೆ ಮೊದಲ ಹದಿನೈದು ದಿನ ಬಿಸಿಯಾದದ್ದೇನನ್ನೂ ಹೊರಿಸಬೇಡಿ. ಯಂತ್ರದ ಬೆನ್ನಿಗೆ ಪೆನ್ಸಿಲ್ ಕಟ್ಟಿದ ಒಂದು ನೋಟ್‌ಬುಕ್ ನೇತುಹಾಕಿ, ಎಲ್ಲಿ ನಿಂತಿತು, ಯಾವಾಗ ನಿಂತಿತು ಎಂದು ಮನೆಯವರು ಯಾರು ಕಂಡರೂ ಬರೆಯಲಿ. ಭಾನುವಾರ ಗಾಲಿಯ ಅಚ್ಚಿಗೆ ಸುತ್ತಿದ ಕೂದಲು ಬಿಡಿಸುವಾಗ ಅದನ್ನೂ ತೆಗೆದು ಓದಿ.